ಹೆಂಡತಿಗೆ ಬೈಕ್ ಕಲಿಸೋದು: ಮೊದಲು ರಸ್ತೆಯೋ, ಟ್ರ್ಯಾಕೋ?

ಅಂಗಳದ ಬುಲೆಟ್ (ಶಿರಸಿ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನನ್ನ ಹೆಂಡತಿ ಪ್ರೈಮರಿ ಶಾಲೆ ಟೀಚರ್. ಶಾಲೆ ಇರುವುದು ಬನವಾಸಿ ಕಡೆ, ಡಾಂಬರು ಬಿಟ್ಟು ಒಳಗೆ 5 ಕಿಲೋಮೀಟರ್. ನಾಲ್ಕು ವರ್ಷದಿಂದ ಆಕ್ಟಿವಾದಲ್ಲೇ ಓಡಾಡುತ್ತಿದ್ದಾಳೆ. ಬೇಸಿಗೆಯಲ್ಲಿ ತೊಂದರೆ ಇಲ್ಲ. ಮಳೆಗಾಲದಲ್ಲಿ ಆ ಒಳರಸ್ತೆ ಗದ್ದೆ ಹೂಡಿದ ಹಾಗೆ ಆಗುತ್ತದೆ. ಆಕ್ಟಿವಾದ ಹಿಂದಿನ ಚಕ್ರ 10 ಇಂಚಿನದು. ಹೊಂಡಕ್ಕೆ ಇಳಿದರೆ ಅಲ್ಲೇ ಕೂತುಬಿಡುತ್ತದೆ. ಹೋದ ಜುಲೈನಲ್ಲಿ ಎರಡು ಸಲ ಊರವರು ಎತ್ತಿಕೊಟ್ಟರು. ಅದಕ್ಕೇ ಈಗ ಗೇರ್ ಬೈಕ್ ಕಲಿಯಲೇಬೇಕು ಅಂತ ಹಟ.

ನನ್ನ ಹತ್ತಿರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕ್ ಇದೆ. ಕಳೆದ ಭಾನುವಾರ ಅಂಗಳದಲ್ಲೇ ಶುರು ಮಾಡಿದೆವು. ಒಣಗಲು ಹಾಕಿದ ಅಡಿಕೆಯನ್ನೆಲ್ಲ ಬದಿಗೆ ಸರಿಸಿ, ಅಪ್ಪನ ಕೈಲಿ ಬೈಸಿಕೊಂಡು. ಮೂರನೇ ಸಲ ಕ್ಲಚ್ ಬಿಟ್ಟಾಗ ಗಾಡಿ ಹಾರಿ ಗೇಟಿನ ದಣಪೆಗೆ ಗುದ್ದಿ ಮಲಗಿತು. ಅವಳಿಗೆ ಮೊಣಕಾಲು ತರಚಿದೆ ಅಷ್ಟೇ. ಕ್ಲಚ್ ಲಿವರ್ ಮುರಿಯಿತು. ಅವತ್ತಿನಿಂದ ನಮ್ಮ ಮಾತುಕತೆ ‘ಊಟ ಆಯ್ತಾ’ ಅನ್ನುವಷ್ಟಕ್ಕೆ ನಿಂತಿದೆ.

ಈಗ ಪ್ರಶ್ನೆ. ಹೊರದೇಶದವರ ವಿಡಿಯೋಗಳಲ್ಲಿ ಕೆಲವರು ಹೇಳುತ್ತಾರೆ, ಹೊಸಬರನ್ನು ಮೊದಲು ರೇಸ್ ಟ್ರ್ಯಾಕಿಗೆ ಕರೆದುಕೊಂಡು ಹೋಗಿ, ರಸ್ತೆ ಆಮೇಲೆ ಅಂತ. ಎದುರು ಬಸ್ಸಿಲ್ಲ, ದನ ಇಲ್ಲ, ನಾಯಿ ಇಲ್ಲ. ಚೆನ್ನೈ ಹತ್ತಿರ ಟ್ರ್ಯಾಕಿನಲ್ಲಿ ಟ್ರೈನಿಂಗ್ ಕೊಡುತ್ತಾರಂತೆ. ಖರ್ಚಾದರೂ ಅಡ್ಡಿ ಇಲ್ಲ. ಹೋಗಿ ಬಂದವರು ಯಾರಾದರೂ ಇದ್ದೀರಾ?

ಚಾಲಿ ಚೀಲ (ಯಲ್ಲಾಪುರ)

ಕ್ಲಾಸಿಕ್‌ನಲ್ಲಿ ಶುರು ಮಾಡಿದಿರಾ ಮಾರಾಯ್ರೇ! ಅದು 195 ಕೆಜಿ. ಹತ್ತಿರ ಹತ್ತಿರ ಮೂರು ಅಡಿಕೆ ಚೀಲ. ಮೂರು ಚೀಲಕ್ಕೆ ಚಕ್ರ ಹಚ್ಚಿ, ಹೊಸಬರ ಕೈಗೆ ಕೊಟ್ಟು, ಬಿತ್ತಲ್ಲ ಅಂತ ಕೇಳಿದರೆ ಹೇಗೆ? ಸ್ಪ್ಲೆಂಡರ್ 112 ಕೆಜಿ. ಮೊದಲು ಅದನ್ನು ಹುಡುಕಿ. ಟ್ರ್ಯಾಕು ಆಮೇಲೆ.

ಕಾಳಿ ದಂಡೆ (ಕಾರವಾರ)

ನಾನು ಹೋಗಿದ್ದೇನೆ. ಶ್ರೀಪೆರಂಬದೂರು ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೆ. ಆದರೆ ಅದು ಎಂಟು ವರ್ಷ ರಸ್ತೆಯಲ್ಲಿ ಓಡಿಸಿದ ಮೇಲೆ. ನಾನೂ ಹೆಂಗಸೇ, ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಅದು 1990ರಿಂದ ಇರುವ ಟ್ರ್ಯಾಕ್. ಒಂದು ಸುತ್ತು 3.7 ಕಿಲೋಮೀಟರ್, 12 ತಿರುವು. ಒಳಗೆ ಬಿಡುವ ಮೊದಲು ಗಾಡಿಯ ಕನ್ನಡಿ ಬಿಚ್ಚಿಸಿದರು. ಹೆಡ್‌ಲೈಟಿಗೆ ಟೇಪ್ ಅಂಟಿಸಿದರು, ಬಿದ್ದರೆ ಗಾಜು ಚೆಲ್ಲಬಾರದು ಅಂತ. ಚರ್ಮದ ಸೂಟು, ಬೂಟು, ಗ್ಲೌಸು. ನಮ್ಮ ಕಾರವಾರದ ಸೆಕೆಯೇ ವಾಸಿ ಅನ್ನಿಸಿತು.

ಅಲ್ಲಿ ಕ್ಲಚ್ ಹೇಗೆ ಬಿಡೋದು ಅಂತ ಯಾರೂ ಹೇಳಿಕೊಡಲಿಲ್ಲ. ಮೊದಲು ಲೈಸೆನ್ಸ್ ತೋರಿಸಿ ಅಂದರು. ಗೇರು ಬ್ರೇಕು ಕೈಕಾಲಿಗೆ ಬಂದಿದೆ ಅಂತ ಇಟ್ಟುಕೊಂಡೇ ಪಾಠ ಶುರು. ಗೇರ್ ಹಾಕಲು ಇನ್ನೂ ಬಗ್ಗಿ ಕಾಲು ನೋಡುವವರು ಅಲ್ಲಿಗೆ ಹೋದರೆ ಅವರಿಗೂ ಹೆದರಿಕೆ, ಹಿಂದಿನಿಂದ 120ರಲ್ಲಿ ಬರುವವನಿಗೂ ಹೆದರಿಕೆ.

ಹಾಗಂತ ದಂಡಕ್ಕೆ ಹೋದೆ ಅಂತ ಹೇಳುವುದಿಲ್ಲ. ಅಲ್ಲಿ ಅದೇ ತಿರುವು ದಿನಕ್ಕೆ ಮೂವತ್ತು ಸಲ ಸಿಗುತ್ತದೆ. ನಮ್ಮ ದೇವಿಮನೆ ಘಟ್ಟದಲ್ಲಿ ಒಂದು ತಿರುವಿಗೆ ತಪ್ಪಾಗಿ ಇಳಿದರೆ ಸರಿ ಮಾಡಿಕೊಳ್ಳಲು ಅದು ಮತ್ತೆ ಸಿಗುವುದು ವಾಪಸು ಬರುವಾಗ. ಅದೂ ಉಲ್ಟಾ. ಟ್ರ್ಯಾಕಿನಲ್ಲಿ ಎರಡು ನಿಮಿಷಕ್ಕೆ ಮತ್ತೆ ಅದೇ ಜಾಗ. ಹೋದ ಸಲ ಬ್ರೇಕ್ ತಡವಾಯಿತು ಅಂತ ನೆನಪಿರುವಾಗಲೇ ಇನ್ನೊಂದು ಅವಕಾಶ. ನನಗೆ ಅಲ್ಲಿ ಮೈಗೆ ಹತ್ತಿದ್ದು ಎರಡೇ ವಿಷಯ. ಬ್ರೇಕ್ ಕೆಲಸ ತಿರುವಿಗೆ ಮೊದಲೇ ಮುಗಿಯಬೇಕು. ಕಣ್ಣು ತಿರುವಿನ ಆಚೆ ತುದಿಯಲ್ಲಿ ಇರಬೇಕು. ಹೊಂಡ ನೋಡುತ್ತಾ ಹೋದರೆ ಹೊಂಡಕ್ಕೇ ಹೋಗುತ್ತೀರಿ, ಗಾಡಿ ಕಣ್ಣಿನ ಬೆನ್ನು ಹತ್ತುತ್ತದೆ.

ಈ ಎರಡನ್ನು ಕಲಿಯಲು ಶಿರಸಿಯಿಂದ 700 ಕಿಲೋಮೀಟರ್ ಹೋಗಬೇಕಾಗಿಲ್ಲ. ನನ್ನ ತಂಗಿಗೆ ನಾನು ಇಲ್ಲೇ ಮಾಲಾದೇವಿ ಮೈದಾನದಲ್ಲಿ ಕಲಿಸಿದೆ. ಬೆಳಿಗ್ಗೆ ಆರಕ್ಕೆ, ಕ್ರಿಕೆಟ್ ಹುಡುಗರು ಬರುವ ಮೊದಲು. ಕುಡಿದು ಬಿಸಾಡಿದ ಎಳನೀರು ಬುರುಡೆ ಎಂಟು ಸಾಲಾಗಿ ಇಟ್ಟು, ಅದರ ಸಂದಿಯಲ್ಲಿ ಹಾವಿನ ಹಾಗೆ ಹೋಗಿ ಬರೋದು. ಅದೇ ನಮ್ಮ ಟ್ರ್ಯಾಕ್.

ಮೀನ್ ಲೋಡ್ (ಹೊನ್ನಾವರ)

ಇಪ್ಪತ್ತೆರಡು ವರ್ಷ ಲಾರಿ ಹೊಡೆದವನು ನಾನು. ಟ್ರ್ಯಾಕ್ ಕಂಡಿಲ್ಲ, ರಸ್ತೆ ಕಂಡಿದ್ದೇನೆ. ಹೇಳುವುದು ಇಷ್ಟೇ, ರಸ್ತೆಯಲ್ಲಿ ಓಡಿಸುವವರು ರಸ್ತೆಯಲ್ಲೇ ಕಲಿಯಬೇಕು.

66ನೇ ಹೆದ್ದಾರಿಯಲ್ಲಿ ಮೀನಿನ ಲಾರಿಯಿಂದ ಐಸ್ ನೀರು ಸೋರುತ್ತದೆ. ನಾನೇ ಸೋರಿಸಿದ್ದೇನೆ, ಸುಳ್ಳು ಯಾಕೆ ಹೇಳಲಿ. ಆ ನೀರಿನಲ್ಲಿ ಜಿಡ್ಡು ಇರುತ್ತದೆ. ತಿರುವಿನಲ್ಲಿ ಅದರ ಮೇಲೆ ಬೈಕ್ ಬಂದರೆ ಚಕ್ರ ಜಾರುತ್ತದೆ. ಇದನ್ನು ಯಾವ ಟ್ರ್ಯಾಕ್ ಹೇಳಿಕೊಡುತ್ತದೆ? ರಾತ್ರಿ ಹೆದ್ದಾರಿ ಮಧ್ಯೆ ಮಲಗುವ ದನ, ಮೊದಲ ಮಳೆಗೆ ಮೇಲೆ ಏಳುವ ಎಣ್ಣೆ, ನೆರಳು ಬೀಳುವ ಕಡೆ ಡಾಂಬರಿನ ಮೇಲೆ ಕಟ್ಟುವ ಹಾವಸೆ, ಹೊಸದಾಗಿ ಬಳಿದ ಬಿಳಿ ಪಟ್ಟೆ. ಬಸ್ ನಿಂತಿದ್ದರೆ ಅದರ ಮುಂದಿನಿಂದ ಒಂದು ಮಗು ಓಡಿ ಬರುತ್ತದೆ ಅಂತಲೇ ತಿಳಿಯಬೇಕು.

ಇನ್ನೊಂದು ಲೆಕ್ಕ. 40ರಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. ನೀವು ದನ ನೋಡಿ ‘ಅಯ್ಯೋ’ ಅನ್ನುವಷ್ಟರಲ್ಲಿ 11 ಮೀಟರ್ ಹೋಯಿತು, ಬ್ರೇಕ್ ಇನ್ನೂ ಹಿಡಿದಿಲ್ಲ. ಸ್ಪೀಡ್ ಡಬಲ್ ಆದರೆ ಬ್ರೇಕ್ ಹಿಡಿದ ಮೇಲೆ ನಿಲ್ಲುವ ದೂರ ನಾಲ್ಕು ಪಟ್ಟು. ಲಾರಿಗೂ ಅಷ್ಟೇ, ಬೈಕಿಗೂ ಅಷ್ಟೇ.

ಕಾಳಿ ದಂಡೆ (ಕಾರವಾರ)

ಅಣ್ಣ, ಒಪ್ಪಿದೆ. ಆದರೆ ಇದನ್ನೆಲ್ಲ ನೋಡಲು ತಲೆ ಖಾಲಿ ಇರಬೇಕು. ಕೈಕಾಲು ತಾನಾಗಿ ಕೆಲಸ ಮಾಡುವವರೆಗೆ ತಲೆ ಪೂರ್ತಿ ಕ್ಲಚ್ಚಿನಲ್ಲೇ ಇರುತ್ತದೆ. ಆಗ ದನ ಎಲ್ಲಿ ಕಾಣುತ್ತದೆ? 2024ರ ಆಗಸ್ಟ್ 7ಕ್ಕೆ ಹಳೆ ಕಾಳಿ ಸೇತುವೆ ಬಿದ್ದ ಮೇಲೆ ಎರಡೂ ಕಡೆಯ ಗಾಡಿ ಒಂದೇ ಸೇತುವೆ ಮೇಲೆ ಬರತೊಡಗಿದವು. ಆಗ ಒಬ್ಬ ಹುಡುಗಿ ಎಲ್ ಬೋರ್ಡ್ ಹಾಕಿಕೊಂಡು ಸೇತುವೆ ಮಧ್ಯೆ ಗಾಡಿ ಆಫ್ ಮಾಡಿಕೊಂಡು ನಿಂತದ್ದನ್ನು ನೋಡಿದೆ. ಹಿಂದೆ ಹಾರ್ನೋ ಹಾರ್ನು. ಬದಿಯಿಂದ ಗಾಳಿ ಬೇರೆ. ಅವಳು ಆಮೇಲೆ ಗಾಡಿ ಮುಟ್ಟಿದಳೋ ಇಲ್ಲವೋ, ಯಾರಿಗೆ ಗೊತ್ತು.

ಸಿದ್ದಾಪುರದ ಬೆಂಗಳೂರಿಗ

ನೀವೆಲ್ಲ ಮೂರನೆಯದನ್ನು ಮರೆತಿರಿ. ಮಣ್ಣು. ಅವರ ಸಮಸ್ಯೆಯೇ ಕೆಸರು ರಸ್ತೆ ಅಲ್ವಾ? ಕೋಲಾರದ ಹತ್ತಿರ ಡರ್ಟ್ ಬೈಕ್ ಕಲಿಸುವ ಜಾಗ ಇದೆ. ಡಕಾರ್ ರ‍್ಯಾಲಿ ಅನ್ನುವ ಮರಳುಗಾಡಿನ ರೇಸ್ ಓಡಿಸಿದ ಸಿ.ಎಸ್. ಸಂತೋಷ್ ಕಟ್ಟಿದ್ದು. ನಾನು ಎರಡು ದಿನ ಹೋಗಿದ್ದೆ, ಹತ್ತು ಸಲ ಬಿದ್ದೆ. ಬೀಳುವ ಹೆದರಿಕೆ ಹೋಗಿದ್ದೇ ಲಾಭ.

ಕೆಸರಿಗೆ ಬೇಕಾದ್ದು ಅಂದರೆ ಎರಡನೇ ಗೇರು, ಒಂದೇ ಸಮ ಎಕ್ಸಲೇಟರು. ಮುಂದಿನ ಬ್ರೇಕ್ ಗಬಕ್ ಅಂತ ಹಿಡಿಯೋದಲ್ಲ. ಹ್ಯಾಂಡಲ್ ಬಿಗಿ ಹಿಡಿದರೆ ಜಾರುತ್ತದೆ, ಸಡಿಲ ಹಿಡಿಯಿರಿ. ಚಕ್ರ ಆಚೆ ಈಚೆ ಹೊಯ್ದಾಡಲಿ ಬಿಡಿ, ಅದು ತನ್ನ ದಾರಿ ತಾನೇ ಹುಡುಕಿಕೊಳ್ಳುತ್ತದೆ. ದೊಡ್ಡ ಹೊಂಡಕ್ಕೆ ಸೀಟಿನಿಂದ ಸ್ವಲ್ಪ ಏಳಬೇಕು. ಬೈಕಿನ 18 ಇಂಚಿನ ಚಕ್ರ ಅರ್ಧ ಕೆಲಸ ಮಾಡುತ್ತದೆ, ಉಳಿದದ್ದು ಇದು.

ಗೋಕರ್ಣದವ

ಬೀಚ್‌ನಲ್ಲಿ ಕಲಿಸಬಹುದಲ್ಲ? ಬಿದ್ದರೂ ಮೆತ್ತಗೆ.

ಕಾಳಿ ದಂಡೆ (ಕಾರವಾರ)

ಬೇಡ. ಮುಂದಿನ ಚಕ್ರ ಹೂತುಕೊಂಡು ತಲೆಕೆಳಗೆ ಬೀಳುತ್ತೀರಿ. ಉಪ್ಪು ನೀರಿಗೆ ಚೈನು ಒಂದೇ ತಿಂಗಳಲ್ಲಿ ಕೆಂಪಾಗುತ್ತದೆ. ಬೀಚಿನಲ್ಲಿ ಜನ, ಮಕ್ಕಳು ಬೇರೆ.

ಅಂಗಳದ ಬುಲೆಟ್ (ಶಿರಸಿ)

ಬರೆಯುತ್ತಿರುವುದು ಇವರಲ್ಲ. ಮೊಣಕಾಲು ತರಚಿಕೊಂಡವಳು ನಾನು. ಫೋನ್ ಚಾರ್ಜಿಗೆ ಇಟ್ಟು ಹಾಲು ತರಲು ಹೋಗಿದ್ದಾರೆ. ಎಲ್ಲ ಓದಿದೆ.

ಒಂದು ವಿಷಯ ಇವರು ಬರೆದಿಲ್ಲ. ಮೂರನೇ ಸಲ ನಾನು ಕ್ಲಚ್ಚನ್ನು ಸುಮ್ನೆ ಬಿಡಲಿಲ್ಲ. ಗಾಡಿ ಮೆಲ್ಲಗೆ ಹೊರಟಿತ್ತು. ಇವರು ಪಕ್ಕದಲ್ಲಿ ಓಡುತ್ತಾ ‘ಬಿಡು, ಬಿಡು, ಬಿಡು!’ ಅಂತ ಕೂಗಿದರು. ಬಿಟ್ಟೆ. ಎಕ್ಸಲೇಟರ್ ಬಿಡು ಅಂತ ಅವರ ಅರ್ಥ ಇತ್ತಂತೆ. ಅದು ಗಾಡಿ ಬಿದ್ದ ಮೇಲೆ ಗೊತ್ತಾಯಿತು.

ಬಿದ್ದ ಕೂಡಲೇ ಇವರು ಮೊದಲು ನೋಡಿದ್ದು ಗಾಡಿಯ ಟ್ಯಾಂಕು. ಅದನ್ನೂ ಬರೆದಿಲ್ಲ ನೋಡಿ.

ಇವರು ಟ್ರ್ಯಾಕು ಅನ್ನುತ್ತಿರುವುದು ನನ್ನ ಸಲುವಾಗಿಯೋ, ಇವರು ನೋಡಿಬರುವ ಸಲುವಾಗಿಯೋ ಅಂತ ನನಗೆ ಸಂಶಯ. ನನಗೆ ಬೇಕಾದ್ದು ಮಳೆ ಶುರುವಾಗುವುದರೊಳಗೆ ಶಾಲೆಗೆ ಹೋಗಿ ಬರುವಷ್ಟು ಮಾತ್ರ.

ಚಾಲಿ ಚೀಲ (ಯಲ್ಲಾಪುರ)

ಬುಲೆಟ್ ಭಾವ, ಹಾಲು ತಂದು ಆಯ್ತಾ? ಬೇಗ ಬನ್ನಿ.

ಕಾಳಿ ದಂಡೆ (ಕಾರವಾರ)

ತಂಗೀ, ಇಡೀ ಚರ್ಚೆಯಲ್ಲಿ ಅತಿ ಮುಖ್ಯವಾದ ಮಾತು ನಿನ್ನದೇ. ‘ಬಿಡು’ ಅನ್ನುವುದು ಕ್ಲಚ್ಚಿಗೂ ಆಗುತ್ತದೆ, ಎಕ್ಸಲೇಟರಿಗೂ ಆಗುತ್ತದೆ, ಬ್ರೇಕಿಗೂ ಆಗುತ್ತದೆ. ಕಲಿಯುವವರಿಗೆ ಅಂಥ ಶಬ್ದ ಹೇಳಲೇಬಾರದು. ‘ಬ್ರೇಕ್’ ಅಂತ ಕೂಗುವುದೂ ಅಷ್ಟೇ, ಮುಂದಿನದೋ ಹಿಂದಿನದೋ? ನಾನು ತಂಗಿಗೆ ಕಲಿಸುವಾಗ ಒಂದೇ ಒಂದು ಮಾತು ಇಟ್ಟುಕೊಂಡಿದ್ದೆ: ‘ಕ್ಲಚ್ ಹಿಡಿ.’ ಕ್ಲಚ್ ಹಿಡಿದರೆ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧ ಕಡಿದು ಹೋಗುತ್ತದೆ. ಎಕ್ಸಲೇಟರ್ ಎಷ್ಟೇ ತಿರುಚಿದರೂ ಗಾಡಿ ಬರೀ ಕೂಗುತ್ತದೆ, ಹಾರುವುದಿಲ್ಲ. ಬೇರೆ ಏನೇ ಹೇಳುವುದಿದ್ದರೂ ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಹೇಳಬೇಕು.

ಮೊದಲ ದಿನ ಎಕ್ಸಲೇಟರ್ ಮುಟ್ಟಲೇ ಬೇಡ. ಸ್ಟಾರ್ಟ್ ಮಾಡಿ ಒಂದನೇ ಗೇರ್ ಹಾಕು. ಕ್ಲಚ್ಚನ್ನು ಕೂದಲೆಳೆಯಷ್ಟು ಬಿಡುತ್ತಾ ಬಾ. ಒಂದು ಕಡೆ ಎಂಜಿನ್ ಸದ್ದು ತಗ್ಗಿ ಗಾಡಿ ಮುಂದಕ್ಕೆ ಜಗ್ಗುತ್ತದೆ. ಅಲ್ಲೇ ನಿಲ್ಲಿಸಿ ಮತ್ತೆ ಹಿಡಿ. ಇದನ್ನೇ ಐವತ್ತು ಸಲ ಮಾಡು. ಬೇಜಾರು ಬರುತ್ತದೆ, ಬರಲಿ. ಆ ಜಾಗ ಬೆರಳಿಗೆ ಗೊತ್ತಾದರೆ ಅರ್ಧ ಬೈಕ್ ಬಂದ ಹಾಗೆ.

ಅಂಗಳದ ಬುಲೆಟ್ (ಶಿರಸಿ)

ಈಗ ನಾನೇ. ಟ್ಯಾಂಕ್ ನೋಡಿದ್ದು ಹೌದು, ಆದರೆ ಪೆಟ್ರೋಲ್ ಸೋರುತ್ತಿದೆಯೋ ಅಂತ ನೋಡಿದ್ದು. ಮನೆಯಲ್ಲಿ ಯಾರೂ ನಂಬುತ್ತಿಲ್ಲ.

ಸೀರೆ ಸವಾರಿ (ಅಂಕೋಲಾ)

ಗಂಡಸರಿಗೆ ಹೊಳೆಯದ ಒಂದು ಪ್ರಶ್ನೆ. ಶಾಲೆಗೆ ಸೀರೆಯಾ? ಆಕ್ಟಿವಾದಲ್ಲಿ ಸೀರೆ ನಡೆಯುತ್ತದೆ, ಮುಂದೆ ಕಾಲಿಡಲು ಜಾಗ ಇದೆ. ಬೈಕಿಗೆ ಕಾಲು ಎತ್ತಿ ಹಾಕಬೇಕು. ಬೈಕಿನಲ್ಲಿ ಸೀರೆ ಗಾರ್ಡ್ ಇರುವುದು ಹಿಂದೆ ಕೂತವರಿಗಾಗಿ. ನಾನು ಚೂಡಿದಾರದಲ್ಲಿ ಹೋಗಿ, ಎರಡು ಸೀರೆ ಆಫೀಸಿನ ಕಪಾಟಿನಲ್ಲೇ ಇಟ್ಟಿದ್ದೇನೆ. ವೇಲ್ ಮಾತ್ರ ಬ್ಯಾಗಿಗೆ ತುಂಬಿಡಿ, ಚೈನಿಗೆ ಸಿಕ್ಕರೆ ಕುತ್ತಿಗೆಗೇ ಬರುತ್ತದೆ. ಚಪ್ಪಲಿಯಲ್ಲಿ ಗೇರ್ ಹಾಕಬೇಡಿ, ಶೂ ಹಾಕಿ. ಹೆಲ್ಮೆಟ್ ಗಂಡನದು ಬೇಡ, ನಿಮ್ಮ ತಲೆ ಅಳತೆಯದು, ಐಎಸ್‌ಐ ಗುರುತಿನದು. ತುರುಬು ಕಟ್ಟಿಕೊಂಡು ಅಂಗಡಿಗೆ ಹೋಗಬೇಡಿ, ಅಳತೆ ತಪ್ಪುತ್ತದೆ.

ಪೆನ್ಶನ್ ಮೇಷ್ಟ್ರು (ಕುಮಟಾ)

ಲೈಸೆನ್ಸಿನ ವಿಷಯ ಯಾರೂ ಎತ್ತಲಿಲ್ಲವಲ್ಲ. ಟೀಚರ್ ಹತ್ತಿರ ಇರುವ ಲೈಸೆನ್ಸ್ ಗೇರ್ ಇಲ್ಲದ ಗಾಡಿಗೆ ಮಾತ್ರ ಇದ್ದರೆ ಅದರಲ್ಲಿ ಸ್ಪ್ಲೆಂಡರ್ ಓಡಿಸುವಂತಿಲ್ಲ. ತೆಗೆದು ನೋಡಿ. ಹಾಗಿದ್ದರೆ ಗೇರ್ ಗಾಡಿಗೆ ಬೇರೆ ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸ್ ಮಾಡಿಸಬೇಕು. 6 ತಿಂಗಳು ನಡೆಯುತ್ತದೆ, 30 ದಿನ ಕಳೆದ ಮೇಲೆ ಟೆಸ್ಟ್. ಗಾಡಿಯ ಹಿಂದೆ ಮುಂದೆ ಬಿಳಿ ಹಲಗೆಯಲ್ಲಿ ಕೆಂಪು ಎಲ್ ಇರಲೇಬೇಕು. ಕಲಿಯುವಾಗ ಹಿಂದೆ ಕೂರಬಹುದಾದವರು ಕಲಿಸುವವರು ಮಾತ್ರ, ಅವರಿಗೂ ಲೈಸೆನ್ಸ್ ಇರಬೇಕು. ಮಗುವನ್ನು ಕೂರಿಸಿಕೊಂಡು ಪ್ರಾಕ್ಟೀಸ್ ಮಾಡುವುದು ಕಾನೂನಿಗೂ ವಿರುದ್ಧ, ಬುದ್ಧಿಗೂ ವಿರುದ್ಧ.

ಟೆಸ್ಟಿಗೆ 8 ಹಾಕಿಸುತ್ತಾರೆ. ಬ್ರೇಕ್ ಇನ್‌ಸ್ಪೆಕ್ಟರ್ ನೋಡುವುದು ಕಾಲು ನೆಲಕ್ಕೆ ತಾಗುತ್ತದೆಯೋ ಅಂತ. ಹಾಫ್ ಕ್ಲಚ್ಚಿನಲ್ಲಿ, ಅಂದರೆ ಕ್ಲಚ್ ಅರ್ಧ ಹಿಡಿದುಕೊಂಡು, ಹಿಂದಿನ ಬ್ರೇಕನ್ನು ಮೆಲ್ಲಗೆ ಒತ್ತಿಕೊಂಡೇ ತಿರುಗಿಸಿದರೆ ಗಾಡಿ ನೆಟ್ಟಗೆ ನಿಲ್ಲುತ್ತದೆ.

ಗ್ರೀಸ್ ಕೈ (ಕುಮಟಾ)

ಗ್ಯಾರೇಜಿನವನು ನಾನು. ಸ್ಪ್ಲೆಂಡರ್ ತಗೊಂಡರೆ ಒಂದು ನೆನಪಿಡಿ. ಅದರ ಗೇರ್ ಎಲ್ಲವೂ ಮುಂದಕ್ಕೇ ಒತ್ತೋದು. ಎನ್‌ಫೀಲ್ಡಿನಲ್ಲಿ ಒಂದು ಕೆಳಗೆ, ಉಳಿದದ್ದು ಮೇಲೆ. ಬೆಳಿಗ್ಗೆ ಅದು, ಸಂಜೆ ಇದು ಅಂತ ಮಾಡಿದರೆ ಕಾಲಿಗೆ ಗೊಂದಲ. ಒಂದೇ ಗಾಡಿಯಲ್ಲಿ ಕಲಿಯಲಿ.

ಲಿವರಿನ ಕ್ಲಾಂಪ್ ನಟ್ಟು ತೀರಾ ಬಿಗಿ ಮಾಡಬೇಡಿ. ಬಿದ್ದರೆ ಲಿವರ್ ತಿರುಗುತ್ತದೆ, ಮುರಿಯುವುದಿಲ್ಲ. ಕ್ಲಚ್ ಕೇಬಲ್ಲಿಗೆ ಎಣ್ಣೆ ಬಿಡಿಸಿ. ಹಳೆ ಗಾಡಿಯ ಕೇಬಲ್ ಗಟ್ಟಿ ಇದ್ದರೆ ಹೆಂಗಸರ ಕೈಗೆ ಬಲ ಇಲ್ಲ ಅನ್ನುತ್ತಾರೆ. ಕೈ ಸರಿ ಇರುತ್ತದೆ, ಕೇಬಲ್ ಒಣಗಿರುತ್ತದೆ.

ಮೀನ್ ಲೋಡ್ (ಹೊನ್ನಾವರ)

ಘಟ್ಟ ಇಳಿಯುವಾಗ ನ್ಯೂಟ್ರಲ್ ಮಾಡಬೇಡಿ ಅಂತಲೂ ಹೇಳಿ. ಪೆಟ್ರೋಲ್ ಉಳಿಯುತ್ತದೆ ಅಂತ ಬಹಳ ಜನ ಮಾಡುತ್ತಾರೆ. ಎಂಜಿನ್ನೇ ಅರ್ಧ ಬ್ರೇಕು.

ಅಂಗಳದ ಬುಲೆಟ್ (ಶಿರಸಿ)

ಏಳು ವಾರದ ಮೇಲೆ ಬರೆಯುತ್ತಿದ್ದೇನೆ. ಕೆಲವರು ಮೆಸೇಜ್ ಮಾಡಿ ಕೇಳಿದ್ದರಿಂದ.

ಮೇಷ್ಟ್ರು ಹೇಳಿದ್ದು ನಿಜ, ಅವಳ ಲೈಸೆನ್ಸ್ ಗೇರ್ ಇಲ್ಲದ್ದೇ. ಎಲ್‌ಎಲ್ ಮಾಡಿಸಿದೆವು. ಗಾಡಿ ಹುಡುಕಲು ದೂರ ಹೋಗಬೇಕಾಗಲಿಲ್ಲ. ಅಪ್ಪನ ಹಳೆ ಸ್ಪ್ಲೆಂಡರ್ ಇತ್ತು, ಡೈರಿಗೆ ಹಾಲಿನ ಕ್ಯಾನ್ ಒಯ್ಯುವುದು. ಕೇಳಲು ನನಗೆ ಹೆದರಿಕೆ. ಅವಳೇ ಕೇಳಿದಳು. ಅಪ್ಪ ‘ಹೂಂ’ ಅಂದರು. ಕೇಬಲ್ಲಿಗೆ ಎಣ್ಣೆ ಬಿಟ್ಟು ತಾವೇ ಕಲಿಸಲು ಹೊರಟರು.

ಜಾಗ ನಮ್ಮ ಮನೆ ಹಿಂದಿನ ಬೇಣ, ಹುಲ್ಲಿನ ಬಯಲು. ಅಪ್ಪನ ಪಾಠದ ಕ್ರಮ ಹೀಗೆ. ಕವಳ (ಎಲೆ ಅಡಿಕೆ) ಹಾಕಿಕೊಂಡು ಕಲ್ಲಿನ ಮೇಲೆ ಕೂರುವುದು. ಬಾಯಿ ತುಂಬ ಕವಳ ಇರುವುದರಿಂದ ಕೂಗಲು ಆಗುವುದಿಲ್ಲ. ಸರಿಯಾದರೆ ತಲೆ ಆಡಿಸುತ್ತಾರೆ. ತಪ್ಪಾದರೆ ಎಡಗೈ ಮುಷ್ಟಿ ಹಿಡಿದು ತೋರಿಸುತ್ತಾರೆ, ಅಂದರೆ ಕ್ಲಚ್ ಹಿಡಿ ಅಂತ. ಕಾಳಿ ದಂಡೆ ಅಕ್ಕ ಹೇಳಿದ ಐವತ್ತು ಸಲದ ಲೆಕ್ಕವನ್ನು ಅವರಿಗೆ ನಾನು ಹೇಳಿರಲಿಲ್ಲ. ಮೊದಲ ಎರಡು ದಿನ ಅವರೂ ಬರೀ ಅದನ್ನೇ ಮಾಡಿಸಿದರು.

ನನ್ನ ಕೆಲಸ ಎಳನೀರು ಬುರುಡೆ ಜೋಡಿಸುವುದು. ಬುರುಡೆ ಇಟ್ಟು ಮನೆ ಒಳಗೆ ಹೋಗಬೇಕು ಅಂತ ಷರತ್ತು. ಕಿಟಕಿಯಿಂದ ನೋಡಬಹುದು.

ಹತ್ತನೇ ದಿನ ಅಪ್ಪ ಹಿಂದೆ ಕೂತು ಬನವಾಸಿ ರಸ್ತೆಗೆ ಹೋದರು. ಭಾನುವಾರ ಬೆಳಿಗ್ಗೆ ಆರೂವರೆಗೆ. ಮುಂದಿನ ಭಾನುವಾರ ಶಾಲೆಯ ಒಳರಸ್ತೆಯಲ್ಲಿ ಅದೇ ಒಂದು ಕೆಟ್ಟ ತಿರುವನ್ನು ಹದಿನೈದು ಸಲ ಹತ್ತಿ ಇಳಿದಳಂತೆ. ಊರವರು ಏನೋ ಕಳೆದುಕೊಂಡು ಹುಡುಕುತ್ತಿದ್ದಾಳೆ ಅಂದುಕೊಂಡರಂತೆ. ಒಂದು ಸಲ ಬಿದ್ದಿದ್ದಾಳೆ, ನಿಂತಲ್ಲೇ, ಸೈಡ್ ಸ್ಟ್ಯಾಂಡ್ ಹಾಕಿದೆ ಅಂತ ತಿಳಿದು. ಲಿವರ್ ತಿರುಗಿತು, ಮುರಿಯಲಿಲ್ಲ. ಗ್ರೀಸ್ ಕೈ ಅವರಿಗೆ ಥ್ಯಾಂಕ್ಸ್.

ನಿನ್ನೆ ಟೆಸ್ಟ್ ಆಯಿತು. 8 ಹಾಕುವಾಗ ಕಾಲು ಊರಲಿಲ್ಲ. ಅಪ್ಪನಿಗೆ ಈಗ ಡೈರಿಗೆ ಗಾಡಿ ಇಲ್ಲ. ಕ್ಲಾಸಿಕ್‌ನಲ್ಲಿ ಹಾಲಿನ ಕ್ಯಾನ್ ಒಯ್ಯುತ್ತಿರುವುದು ನಾನು.

ಚಾಲಿ ಚೀಲ (ಯಲ್ಲಾಪುರ)

ಟ್ಯಾಂಕಿನ ಮೇಲೆ ಹಾಲು ಚೆಲ್ಲದ ಹಾಗೆ ನೋಡಿಕೊಳ್ಳಿ.

ಅಂಗಳದ ಬುಲೆಟ್ (ಶಿರಸಿ)

ಮತ್ತೆ ನಾನು, ಟೀಚರ್. ಎಲ್ಲರಿಗೂ ಬಹಳ ಉಪಕಾರವಾಯಿತು. ಮಳೆಗೆ ಮೊದಲು ಇನ್ನೂ ಎರಡು ತಿಂಗಳು ಇದೆ. ಕೆಸರಿನ ಪಾಠ ಆಗ ನೋಡೋಣ. ಸೀರೆ ಎರಡು ಶಾಲೆಯ ಕಪಾಟಿಗೆ ಸೇರಿವೆ.

ಕಾಳಿ ದಂಡೆ ಅಕ್ಕ, ಮತ್ತೆ ಇರುಂಗಾಟ್ಟುಕೋಟ್ಟೈಗೆ ಹೋಗುವುದಿದ್ದರೆ ತಿಳಿಸಿ. ಟ್ರ್ಯಾಕಿಗೆ ಅಂತ ತೆಗೆದಿಟ್ಟ ದುಡ್ಡು ಹಾಗೇ ಇದೆ. ಇವರನ್ನು ಕಳಿಸುತ್ತೇನೆ.